ಹಿಮದ ಮೇಲಿನ ಹನ್ನೆರಡು ಮಂದಿ ಕಲಿಸುವ ಆರೋಗ್ಯ ಪಾಠ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಪರೀಕ್ಷೆಯ ಬಿಸಿ. ಅದೇ ಹೊತ್ತಿಗೆ ಅಮೆರಿಕದ ಒಂದಷ್ಟು ಕಾಲೇಜು ಹುಡುಗ ಹುಡುಗಿಯರು ಹಿಮ ತುಂಬಿದ ಯಾವುದಾದರೊಂದು ಬೆಟ್ಟದ ತಪ್ಪಲಿನಲ್ಲಿ ಸೇರಿರುತ್ತಾರೆ. ಅಲ್ಲಿ ನಾಲ್ಕು ದಿನ ನಡೆಯುವುದು ರಾಷ್ಟ್ರೀಯ ಕಾಲೇಜು ಸ್ಕೀಯಿಂಗ್ ಚಾಂಪಿಯನ್‌ಷಿಪ್. ಕಾಲಿಗೆ ಉದ್ದನೆಯ ಕಿರಿದಾದ ಎರಡು ಹಲಗೆ, ಕೈಯಲ್ಲಿ ಎರಡು ಊರುಗೋಲು. ಇಷ್ಟನ್ನೇ ನಂಬಿ ಹಿಮದ ಮೇಲೆ ಜಾರುವ, ಓಡುವ ಆಟ ಇದು.

'ನಮ್ಮೂರಿನಲ್ಲಿ ಆಲಿಕಲ್ಲು ಬಿದ್ದರೇ ಸುದ್ದಿ, ಈ ಹಿಮದ ಆಟ ನಮಗೇಕೆ?' ಎಂದು ನೀವು ಕೇಳಬಹುದು. ಕಾರಣವಿದೆ. ಈ ಸ್ಪರ್ಧೆಯ ಒಂದು ನಿಯಮದಲ್ಲಿ, ಹೆಣ್ಣುಮಕ್ಕಳನ್ನು ಆಟದ ಬಯಲಿಗೆ ಕಳಿಸುವ ಪ್ರತಿಯೊಂದು ಮನೆಗೂ ಬೇಕಾದ ಆರೋಗ್ಯದ ಪಾಠವೊಂದು ಅಡಗಿದೆ. ನಿಮ್ಮ ಮಗಳು ಸ್ಕೀಯಿಂಗ್ ಮಾಡದಿರಬಹುದು. ಆದರೆ ಆಕೆ ಕಬಡ್ಡಿ, ಕೊಕ್ಕೊ, ಹಾಕಿ, ವಾಲಿಬಾಲ್ ಆಡುತ್ತಿದ್ದರೆ, ಬೆಳಿಗ್ಗೆ ಎದ್ದು ಕ್ರೀಡಾಂಗಣದಲ್ಲಿ ಸುತ್ತು ಹಾಕುತ್ತಿದ್ದರೆ, ಭರತನಾಟ್ಯವನ್ನು ದಿನಕ್ಕೆ ಮೂರು ತಾಸು ಅಭ್ಯಾಸ ಮಾಡುತ್ತಿದ್ದರೆ ಈ ಮಾತು ಆಕೆಗೂ ಅನ್ವಯಿಸುತ್ತದೆ.

ಆರು ಹುಡುಗರು, ಆರು ಹುಡುಗಿಯರು

ಈ ಚಾಂಪಿಯನ್‌ಷಿಪ್ ಆರಂಭವಾದದ್ದು 1954ರಲ್ಲಿ, ನೆವಾಡಾ ರಾಜ್ಯದ ರೀನೋ ಪಟ್ಟಣದ ಬಳಿ. ಮೊದಲ ಪ್ರಶಸ್ತಿ ಡೆನ್ವರ್ ವಿಶ್ವವಿದ್ಯಾಲಯದ ಪಾಲಾಯಿತು. ಆಗ ಅದು ಹುಡುಗರ ಸ್ಪರ್ಧೆ ಮಾತ್ರ. 1972ರಲ್ಲಿ ಅಮೆರಿಕ ಸರ್ಕಾರ ಒಂದು ಕಾನೂನು ತಂದಿತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಗಂಡು ಹೆಣ್ಣೆಂದು ಭೇದ ಮಾಡಬಾರದು ಎಂಬುದು ಅದರ ಸಾರ. ಕಾಲೇಜು ಮೈದಾನಗಳ ಬಾಗಿಲು ಹುಡುಗಿಯರಿಗೆ ತೆರೆದದ್ದು ಹೆಚ್ಚಾಗಿ ಆ ನಂತರ. 1983ರಿಂದ ಸ್ಕೀಯಿಂಗ್ ಚಾಂಪಿಯನ್‌ಷಿಪ್ ಹುಡುಗ ಹುಡುಗಿಯರ ಕೂಡು ಸ್ಪರ್ಧೆಯಾಯಿತು. ಆ ವರ್ಷ ಗೆದ್ದದ್ದು ಯೂಟಾ ವಿಶ್ವವಿದ್ಯಾಲಯ.

ಇಲ್ಲಿನ ಲೆಕ್ಕ ಸ್ವಾರಸ್ಯವಾಗಿದೆ. ಒಂದು ಕಾಲೇಜಿನಿಂದ ಹೆಚ್ಚೆಂದರೆ ಹನ್ನೆರಡು ಮಂದಿ. ಅವರಲ್ಲಿ ಆರು ಹುಡುಗರು, ಆರು ಹುಡುಗಿಯರು. ಪ್ರತಿ ಆರರಲ್ಲಿ ಮೂವರು ಕಡಿದಾದ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಹೊರಳುತ್ತಾ ಇಳಿಯುವವರು. ಇದಕ್ಕೆ ಆಲ್ಪೈನ್ ವಿಭಾಗ ಎನ್ನುತ್ತಾರೆ. ಉಳಿದ ಮೂವರು ಕಾಡು, ದಿಬ್ಬ, ಬಯಲುಗಳ ಹಾದಿಯಲ್ಲಿ ಕಿಲೋಮೀಟರುಗಟ್ಟಲೆ ಸಾಗುವವರು. ಇದು ನಾರ್ಡಿಕ್ ವಿಭಾಗ. ಹುಡುಗಿಯರ ಓಟ ಬೇರೆ, ಹುಡುಗರ ಓಟ ಬೇರೆ. ಆದರೆ ಕೊನೆಗೆ ಎಲ್ಲರ ಅಂಕಗಳನ್ನೂ ಕೂಡಿಸಿ ಒಂದೇ ಪ್ರಶಸ್ತಿ ಕೊಡುತ್ತಾರೆ. ಹುಡುಗಿ ತಂದ ಅಂಕಕ್ಕೂ ಹುಡುಗ ತಂದ ಅಂಕಕ್ಕೂ ಒಂದೇ ಬೆಲೆ. ಹುಡುಗಿಯೊಬ್ಬಳು ಮೊಣಕಾಲು ಮುರಿದುಕೊಂಡು ಕುಳಿತರೆ ಅಥವಾ ನಿತ್ರಾಣಳಾಗಿ ಹಿಂದೆ ಬಿದ್ದರೆ ಇಡೀ ಹನ್ನೆರಡು ಮಂದಿಗೂ ನಷ್ಟ.

ಹೀಗಾಗಿ ತರಬೇತಿದಾರ ಹುಡುಗಿಯರ ಶರೀರವನ್ನು 'ಸ್ವಲ್ಪ ಸಣ್ಣದಾದ ಹುಡುಗರ ಶರೀರ' ಎಂದು ತಿಳಿದರೆ ಸಾಲದು. ಆಕೆಯ ಶರೀರದ ರೀತಿ ನೀತಿಗಳನ್ನು ಅರಿಯಲೇಬೇಕು. ಪಾಲಕರಾದ ನೀವೂ ಅರಿಯಬೇಕಾದದ್ದು ಇದನ್ನೇ.

ಹೆಣ್ಣಿಗೆ ಆಗದು ಎಂಬ ಹಳೆಯ ಮಾತು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಹೆಣ್ಣಿನ ಶರೀರ ಕಠಿಣ ಆಟಕ್ಕೆ ತಕ್ಕದ್ದಲ್ಲ ಎಂಬ ಮಾತು ಬಹಳ ಹಳೆಯದು. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆಯಿತು. ಓಡಿದವರು ಬಳಲಿದರು ಎಂದು ಗದ್ದಲವೆದ್ದು, ಅದನ್ನು 1960ರ ತನಕ ನಿಲ್ಲಿಸಿಬಿಟ್ಟರು. ಬಳಲದೆ 800 ಮೀಟರ್ ಓಡಿದ ಗಂಡಸು ಎಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ! ಸ್ಕೀಯಿಂಗ್‌ನಲ್ಲೂ ಅಷ್ಟೆ. ಒಲಿಂಪಿಕ್ಸ್‌ನಲ್ಲಿ ಪುರುಷರ ನಾರ್ಡಿಕ್ ಓಟ 1924ರಲ್ಲೇ ಇತ್ತು. ಮಹಿಳೆಯರದ್ದು ಸೇರಿದ್ದು 1952ರಲ್ಲಿ. ಎತ್ತರದ ಕಟ್ಟೆಯಿಂದ ಹಾರುವ ಸ್ಕೀ ಜಿಗಿತಕ್ಕಂತೂ ಮಹಿಳೆಯರು 2014ರ ತನಕ ಕಾಯಬೇಕಾಯಿತು. ಈ ಆಟ ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ಸರಿಹೊಂದುವಂತೆ ಕಾಣದು ಎಂದು ಅಂತರರಾಷ್ಟ್ರೀಯ ಸ್ಕೀ ಫೆಡರೇಶನ್ನಿನ ಅಂದಿನ ಅಧ್ಯಕ್ಷ ಜಿಯಾನ್ ಫ್ರಾಂಕೊ ಕ್ಯಾಸ್ಪರ್ 2005ರಲ್ಲೂ ಹೇಳಿದ್ದರು.

ವೈದ್ಯಶಾಸ್ತ್ರ ಅಂಥ ಮಾತಿಗೆ ಬೆಂಬಲ ಕೊಡುವುದಿಲ್ಲ. ಆಟ ಆಡಿದ್ದರಿಂದ ಗರ್ಭಕೋಶ ಜಾರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ವ್ಯಾಯಾಮದಿಂದ ಹೃದಯ, ಶ್ವಾಸಕೋಶ, ಸ್ನಾಯು, ಮೂಳೆ ಎಲ್ಲವೂ ಬಲಗೊಳ್ಳುತ್ತವೆ. ಹೆಣ್ಣಿಗೆ ಅಪಾಯ ತರುವುದು ಆಟವಲ್ಲ. ಆಟಕ್ಕೆ ತಕ್ಕ ಊಟ ಇಲ್ಲದಿರುವುದು, ತಯಾರಿ ಇಲ್ಲದೆ ಕಣಕ್ಕಿಳಿಯುವುದು, ತೊಂದರೆಯನ್ನು ಬಾಯಿಬಿಟ್ಟು ಹೇಳದಿರುವುದು, ಇವು ಅಪಾಯ. ಹನ್ನೆರಡು ಮಂದಿಯ ತಂಡದ ಎರಡು ವಿಭಾಗಗಳಿಂದ ನಾವು ಎರಡು ಪಾಠ ಕಲಿಯಬಹುದು. ನಾರ್ಡಿಕ್‌ನಿಂದ ಊಟದ ಪಾಠ, ಆಲ್ಪೈನ್‌ನಿಂದ ಮೊಣಕಾಲಿನ ಪಾಠ.

ದೇಹದ ಜಮಾ ಖರ್ಚು

ನಾರ್ಡಿಕ್ ಓಟದಲ್ಲಿ ಕಾಲು ಮಾತ್ರವಲ್ಲ, ತೋಳು, ಬೆನ್ನು, ಹೊಟ್ಟೆಯ ಸ್ನಾಯುಗಳೂ ದುಡಿಯುತ್ತವೆ. 20 ಕಿ.ಮೀ. ಸ್ಪರ್ಧೆಯೆಂದರೆ ಮುಕ್ಕಾಲು ತಾಸಿಗೂ ಹೆಚ್ಚು ಹೊತ್ತು ಹೃದಯ ತನ್ನ ಶಕ್ತಿಯ ತುತ್ತತುದಿಯಲ್ಲಿ ಬಡಿಯುತ್ತಿರುತ್ತದೆ. ದಿಬ್ಬ ಹತ್ತುವಾಗ ಮೈ ಹಗುರವಾಗಿದ್ದಷ್ಟೂ ಸುಲಭ ಎನಿಸುತ್ತದೆ. ಅಪಾಯ ಹುಟ್ಟುವುದು ಇಲ್ಲೇ. 'ಇನ್ನೆರಡು ಕೆ.ಜಿ. ಇಳಿದರೆ ಇನ್ನೂ ವೇಗವಾಗಿ ಹೋಗುತ್ತೇನೆ' ಎಂದು ಹುಡುಗಿ ಊಟ ಕಡಿಮೆ ಮಾಡುತ್ತಾಳೆ. ಮೊದಮೊದಲು ವೇಗ ಹೆಚ್ಚಲೂಬಹುದು. ಕೆಲವು ತಿಂಗಳಲ್ಲಿ ದೇಹ ಲೆಕ್ಕ ಕೇಳುತ್ತದೆ.

ಆ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಬ್ಬ ಹುಡುಗಿಯ ತೂಕ 55 ಕೆ.ಜಿ. ಇದೆ ಎನ್ನಿ. ಅದರಲ್ಲಿ ಕೊಬ್ಬು 11 ಕೆ.ಜಿ. ಕಳೆದರೆ ಸ್ನಾಯು, ಮೂಳೆ, ರಕ್ತ, ಅಂಗಾಂಗ ಎಲ್ಲ ಸೇರಿ 44 ಕೆ.ಜಿ. ಆಟದ ಖರ್ಚನ್ನು ಕಳೆದ ಮೇಲೂ, ಈ ಕೊಬ್ಬಿಲ್ಲದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 45 ಕ್ಯಾಲೊರಿ ಉಳಿದರೆ ದೇಹದ ಕೆಲಸಗಳು ಸುಸೂತ್ರವಾಗಿ ನಡೆಯುತ್ತವೆ. ಅಂದರೆ 1,980 ಕ್ಯಾಲೊರಿ. ಆಕೆ ಅಭ್ಯಾಸದಲ್ಲಿ 800 ಕ್ಯಾಲೊರಿ ಸುಟ್ಟರೆ, ದಿನಕ್ಕೆ ಸುಮಾರು 2,800 ಕ್ಯಾಲೊರಿಯ ಆಹಾರ ಬೇಕು. ಆಕೆ ಉಣ್ಣುವುದು 1,800 ಮಾತ್ರ ಎಂದಿಟ್ಟುಕೊಳ್ಳಿ. ಆಟಕ್ಕೆ 800 ಹೋಗಿ ಉಳಿದದ್ದು 1,000. ಕೆ.ಜಿ.ಗೆ 23 ಕೂಡ ಇಲ್ಲ!

ಸಂಬಳ ಕಡಿಮೆಯಾದಾಗ ಮನೆಯವರು ಏನು ಮಾಡುತ್ತಾರೆ? ಅಕ್ಕಿ, ಬಾಡಿಗೆ, ವಿದ್ಯುತ್ ಬಿಲ್ ಬಿಡುವಂತಿಲ್ಲ. ಸುಣ್ಣ ಬಣ್ಣ, ಹೊಸ ಬಟ್ಟೆ ಮುಂದಕ್ಕೆ ಹಾಕುತ್ತಾರೆ. ದೇಹವೂ ಹಾಗೆಯೇ. ಹೃದಯ, ಮೆದುಳು, ಉಸಿರಾಟಕ್ಕೆ ಮೊದಲ ಪಾಲು. ಸಂತಾನಶಕ್ತಿ, ಮೂಳೆಯ ದುರಸ್ತಿ, ರೋಗನಿರೋಧಕ ಶಕ್ತಿ ಇವಕ್ಕೆಲ್ಲ ಕತ್ತರಿ. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದ ಸಂಶೋಧಕಿ ಆ್ಯನ್ ಲೌಕ್ಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಆರೋಗ್ಯವಂತ ಯುವತಿಯರಲ್ಲಿ ಈ ಉಳಿಕೆ ಶಕ್ತಿ ಕೆ.ಜಿ.ಗೆ 30 ಕ್ಯಾಲೊರಿಗಿಂತ ಕೆಳಗಿಳಿದಾಗ, ಐದೇ ದಿನಗಳಲ್ಲಿ ಋತುಚಕ್ರವನ್ನು ನಡೆಸುವ ಹಾರ್ಮೋನಿನ ಮಿಡಿತ ಏರುಪೇರಾಯಿತು. ಎಲ್ಲರಿಗೂ ಒಂದೇ ಗೆರೆ ಎಂದು ತಿಳಿಯಬೇಕಿಲ್ಲ. ಕೆಲವರಲ್ಲಿ ಬೇಗ, ಕೆಲವರಲ್ಲಿ ನಿಧಾನವಾಗಿ ಏರುಪೇರಾಗಬಹುದು. ಆದರೆ ದಾರಿ ಒಂದೇ.

ಮುಟ್ಟು ನಿಂತರೆ ಹೆಮ್ಮೆ ಬೇಡ

ಹೀಗೆ ಶಕ್ತಿಯ ಕೊರತೆಯಾದಾಗ ಮೆದುಳಿನ ಹೈಪೊಥಲಾಮಸ್ ಭಾಗ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಅಂಡಾಶಯ ಈಸ್ಟ್ರೋಜನ್ ಸ್ರವಿಸುವುದನ್ನು ತಗ್ಗಿಸುತ್ತದೆ. ಮುಟ್ಟು ಹಿಂದುಮುಂದಾಗಿ, ಕೊನೆಗೆ ನಿಂತೇಹೋಗುತ್ತದೆ. ಎಷ್ಟೋ ಹುಡುಗಿಯರು ಇದನ್ನು ತಾಪತ್ರಯ ತಪ್ಪಿತೆಂದು ಭಾವಿಸುತ್ತಾರೆ. 'ಕಷ್ಟಪಟ್ಟು ಅಭ್ಯಾಸ ಮಾಡುವವರಿಗೆ ಹೀಗಾಗುವುದು ಸಹಜ' ಎಂದು ಸಮಾಧಾನ ಹೇಳುವ ತರಬೇತಿದಾರರೂ ಇದ್ದಾರೆ. ಇದು ತಪ್ಪು. ಮುಟ್ಟು ನಿಂತದ್ದು ಒಳ್ಳೆಯ ತರಬೇತಿಯ ಗುರುತಲ್ಲ, ದೇಹದ ಖಜಾನೆ ಬರಿದಾದ ಗುರುತು.

ಇದರಿಂದ ನಷ್ಟವೇನು? ಈಸ್ಟ್ರೋಜನ್ ಮೂಳೆಯ ಕಾವಲುಗಾರ. ಅದು ಇಳಿದರೆ ಮೂಳೆ ಸವೆಯುತ್ತದೆ. ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಮುಟ್ಟು ನಿಂತಿದ್ದ 14 ಕ್ರೀಡಾಪಟುಗಳ ಸರಾಸರಿ ವಯಸ್ಸು 25. ಅವರ ಬೆನ್ನುಮೂಳೆಯ ಸಾಂದ್ರತೆ 51 ವರ್ಷದ ಹೆಂಗಸರದ್ದಕ್ಕೆ ಸಮನಾಗಿತ್ತು! ಮುಟ್ಟು ಸರಿಯಾಗಿ ಆಗುತ್ತಿದ್ದ ಅಷ್ಟೇ ಮಂದಿ ಕ್ರೀಡಾಪಟುಗಳ ಮೂಳೆ ಗಟ್ಟಿಯಾಗಿತ್ತು.

ಮೂಳೆಯನ್ನು ಬ್ಯಾಂಕಿನ ಠೇವಣಿಗೆ ಹೋಲಿಸಬಹುದು. ಹುಡುಗಿಗೆ ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಠೇವಣಿಯ ಬಹುಪಾಲು ಸೇರಿರುತ್ತದೆ. ಹದಿಹರೆಯದ ವರ್ಷಗಳಲ್ಲಿ ಕಟ್ಟದೇ ಬಿಟ್ಟ ಕಂತನ್ನು ಮುಂದೆ ಪೂರ್ತಿಯಾಗಿ ತುಂಬುವುದು ಕಷ್ಟ. ಆಡುವ ವಯಸ್ಸಿನಲ್ಲೇ ಕಣಕಾಲಿನ, ಪಾದದ ಮೂಳೆಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಮುಪ್ಪಿನಲ್ಲಿ ಬಚ್ಚಲಲ್ಲಿ ಜಾರಿದ ಮಾತ್ರಕ್ಕೆ ಸೊಂಟದ ಮೂಳೆ ಮುರಿಯುವ ಅಪಾಯವೂ ಹೆಚ್ಚುತ್ತದೆ.

ಅರೆಹೊಟ್ಟೆಯ ಊಟ, ಮುಟ್ಟಿನ ಏರುಪೇರು, ಮೂಳೆ ಸವೆತ ಈ ಮೂರರ ಕೂಟವನ್ನು ಅಮೆರಿಕದ ಕ್ರೀಡಾ ವೈದ್ಯರು 1992ರಲ್ಲಿ ಗುರುತಿಸಿ, 'ಮಹಿಳಾ ಕ್ರೀಡಾಪಟುವಿನ ತ್ರಿಕೂಟ' ಎಂಬ ಅರ್ಥದ ಹೆಸರಿಟ್ಟರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನು ವಿಸ್ತರಿಸಿದರು. ಶಕ್ತಿಯ ಕೊರತೆ ಮೂಳೆಯನ್ನಷ್ಟೇ ಅಲ್ಲ, ಹೃದಯ, ಜೀರ್ಣಾಂಗ, ಮನಸ್ಸು ಎಲ್ಲವನ್ನೂ ಬಾಧಿಸುತ್ತದೆ, ಗಂಡಸರನ್ನೂ ಬಿಡುವುದಿಲ್ಲ ಎಂದರು.

ಬಾಯಿಬಿಟ್ಟು ಹೇಳಿದವರು

ಅಮೆರಿಕದ ನಾರ್ಡಿಕ್ ಸ್ಕೀ ಆಟಗಾರ್ತಿ ಜೆಸ್ಸಿ ಡಿಗ್ಗಿನ್ಸ್ 2018ರ ಒಲಿಂಪಿಕ್ಸ್‌ನಲ್ಲಿ ಕಿಕ್ಕನ್ ರಾಂಡಲ್ ಜೊತೆಗೂಡಿ ಚಿನ್ನ ಗೆದ್ದರು. ಆ ಆಟದಲ್ಲಿ ಅವರ ದೇಶಕ್ಕೆ ಅದೇ ಮೊದಲ ಚಿನ್ನ. ಹದಿಹರೆಯದಲ್ಲಿ ತಾವು ಊಟಕ್ಕೆ ಸಂಬಂಧಿಸಿದ ಮನೋವ್ಯಾಧಿಯಿಂದ ನರಳಿದ್ದನ್ನೂ ಚಿಕಿತ್ಸೆ ಪಡೆದದ್ದನ್ನೂ ಅವರು ಬಹಿರಂಗವಾಗಿ ಹೇಳಿಕೊಂಡರು. 2023ರಲ್ಲಿ ಕಾಯಿಲೆ ಮರುಕಳಿಸಿದಾಗಲೂ ಮುಚ್ಚಿಡಲಿಲ್ಲ. ನೆರವು ಪಡೆದರು, ಆ ಋತುವಿನಲ್ಲೇ ಒಟ್ಟಾರೆ ವಿಶ್ವಕಪ್ ಗೆದ್ದರು. ನಾರ್ವೆಯಲ್ಲಿ ಇನ್ನೊಂದು ರೀತಿಯ ನಿದರ್ಶನ ಸಿಗುತ್ತದೆ. ಅಲ್ಲಿನ ಒಲಿಂಪಿಕ್ ಚಿನ್ನದ ಪದಕ ವಿಜೇತೆ ಇಂಗ್ವಿಲ್ ಫ್ಲೂಗ್‌ಸ್ಟಾಡ್ ಓಸ್ಟ್‌ಬರ್ಗ್ ಅವರನ್ನು 2019ರಲ್ಲಿ, ಆರೋಗ್ಯದ ನಿಗದಿತ ಮಟ್ಟ ಮುಟ್ಟುವ ತನಕ ಅಲ್ಲಿನ ಸ್ಕೀ ಸಂಸ್ಥೆ ಕಣಕ್ಕೆ ಇಳಿಸಲಿಲ್ಲ. ಪದಕಕ್ಕಿಂತ ಪ್ರಾಣ ದೊಡ್ಡದು ಎಂಬುದನ್ನು ಮಾತಿನಲ್ಲಿ ಹೇಳುವುದು ಸುಲಭ, ನಿಯಮವಾಗಿ ನಡೆಸುವುದು ಕಷ್ಟ.

ಇಳಿಜಾರಿನಲ್ಲಿ ಮೊಣಕಾಲು

ಇನ್ನು ಆಲ್ಪೈನ್ ವಿಭಾಗದ ಪಾಠ. ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಮೊಣಕಾಲಿನ ನಡುವೆ ಬಿಗಿದು ಹಿಡಿಯುವ, ಕಿರುಬೆರಳಿನ ಗಾತ್ರದ ಒಂದು ಅಸ್ಥಿರಜ್ಜು ಇದೆ. ವೈದ್ಯರು ಚುಟುಕಾಗಿ ಎಸಿಎಲ್ ಎನ್ನುತ್ತಾರೆ. ಪಾದ ಊರಿ ನಿಂತಂತೆಯೇ ಮೈ ತಿರುಗಿದರೆ, ಮೊಣಕಾಲು ಒಳಕ್ಕೆ ವಾಲಿದರೆ ಇದು ಹರಿಯಬಹುದು.

ಸ್ಕೀಯಿಂಗ್‌ನಲ್ಲಿ ಬೂಟನ್ನು ಹಲಗೆಗೆ ಬಿಗಿಯುವ ಕೊಂಡಿಗಳು ಸುಧಾರಿಸಿದ ಮೇಲೆ ಕಣಕಾಲಿನ ಮೂಳೆ ಮುರಿತ ಬಹಳ ಕಡಿಮೆಯಾಯಿತು. ಆದರೆ ಮೊಣಕಾಲಿನ ಪೆಟ್ಟು ಕಡಿಮೆಯಾಗಲಿಲ್ಲ. ಕಾರಣ ಹುಡುಕಿದ ವರ್ಮಾಂಟ್ ರಾಜ್ಯದ ಸಂಶೋಧಕರು ಬಿದ್ದವರ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡಿದರು. ಆಯ ತಪ್ಪಿ ಹಿಂದಕ್ಕೆ ವಾಲಿ, ಕುಂಡಿ ಮೊಣಕಾಲಿಗಿಂತ ಕೆಳಗಿಳಿದಿರುವಾಗ, ಇನ್ನೂ ಜಾರುತ್ತಿರುವಂತೆಯೇ ಎದ್ದು ನಿಲ್ಲಲು ಹವಣಿಸುವವರಿಗೆ ಪೆಟ್ಟಾಗುತ್ತಿತ್ತು. ಇದನ್ನು ಗುರುತಿಸಿ ತಪ್ಪಿಸಿಕೊಳ್ಳುವುದನ್ನು ಹಿಮದ ಕಾವಲುಗಾರರಿಗೂ ಬೋಧಕರಿಗೂ ಕಲಿಸಿದರು. ಫಲ? ತರಬೇತಿ ಪಡೆದವರಲ್ಲಿ ಗಂಭೀರವಾದ ಮೊಣಕಾಲು ಉಳುಕು ಶೇ 62ರಷ್ಟು ಇಳಿಯಿತೆಂದು 1995ರಲ್ಲಿ ವರದಿಯಾಯಿತು. ಹೊಸ ಯಂತ್ರವಿಲ್ಲ, ಔಷಧವಿಲ್ಲ. ಬೀಳುವುದನ್ನು ಕಲಿಸಿದರು, ಅಷ್ಟೆ.

ಇದು ನಮಗೆ ಹೇಗೆ ಅನ್ವಯಿಸುತ್ತದೆ? ಬಾಸ್ಕೆಟ್‌ಬಾಲ್, ಫುಟ್‌ಬಾಲ್‌ನಂಥ ಆಟಗಳಲ್ಲಿ ಎಸಿಎಲ್ ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. ಜಿಗಿದು ನೆಲಕ್ಕಿಳಿಯುವಾಗ ಹುಡುಗಿಯರ ಮೊಣಕಾಲು ಹೆಚ್ಚು ನೆಟ್ಟಗಿದ್ದು ಒಳಕ್ಕೆ ವಾಲುವುದು ಒಂದು ಕಾರಣ. ತೊಡೆಯ ಹಿಂಭಾಗದ ಹಾಗೂ ಸೊಂಟದ ಸ್ನಾಯುಗಳು ಸಾಕಷ್ಟು ಪಳಗದಿರುವುದು ಇನ್ನೊಂದು. ದಾಳಿಗಾರ್ತಿಯ ಕಾಲನ್ನು ಹಿಡಿದೆಳೆಯುವ ಕಬಡ್ಡಿಯಲ್ಲೂ ಈ ಪೆಟ್ಟು ಅಪರೂಪವಲ್ಲ.

ಸಂತೋಷದ ಸಂಗತಿಯೆಂದರೆ ಇದನ್ನು ತಪ್ಪಿಸಬಹುದು. ವಾರಕ್ಕೆ ಎರಡು ಮೂರು ದಿನ, ಆಟಕ್ಕೆ ಮುಂಚೆ 15-20 ನಿಮಿಷ ಈ ವ್ಯಾಯಾಮಗಳನ್ನು ಮಾಡಿದರೆ ಹುಡುಗಿಯರಲ್ಲಿ ಎಸಿಎಲ್ ಪೆಟ್ಟು ಸುಮಾರು ಅರ್ಧದಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ:

* ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಬೈಠಕ್ ಹೊಡೆಯುವುದು. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು, ಒಳಕ್ಕೆ ವಾಲಬಾರದು.
* ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ಆಯ ತಪ್ಪದೆ ನಿಲ್ಲುವುದು. ಅನಂತರ ಅದೇ ಕಾಲಿನಲ್ಲಿ ಅರೆಬೈಠಕ್.
* ಜಿಗಿದು ಮೆತ್ತಗೆ, ಸದ್ದಾಗದಂತೆ, ಮೊಣಕಾಲು ಬಾಗಿಸಿ ಇಳಿಯುವುದು.
* ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತಿ ಹಿಡಿಯುವುದು. ಇದರಿಂದ ತೊಡೆಯ ಹಿಂಭಾಗ ಬಲವಾಗುತ್ತದೆ.

ಆಡುವಾಗ ಮೊಣಕಾಲಿನಲ್ಲಿ 'ಟಪ್' ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಸಿಎಲ್ ಹರಿದಿರುವ ಶಂಕೆ ಇರಲಿ. ಆಟ ಅಲ್ಲಿಗೇ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ, ಹದವಾಗಿ ಬಟ್ಟೆಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ಎಳೆಸುವುದು ಬೇಡ. ಮೂಳೆ ತಜ್ಞರಿಗೆ ತೋರಿಸಿ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಶಸ್ತ್ರಚಿಕಿತ್ಸೆ ಆದವರು ಕನಿಷ್ಠ ಒಂಬತ್ತು ತಿಂಗಳು, ಕಾಲಿನ ಬಲ ಪೂರ್ತಿ ಮರಳುವ ತನಕ, ಪಂದ್ಯಕ್ಕೆ ಇಳಿಯಬಾರದು. ಅಂತರ ಕಾಲೇಜು ಪಂದ್ಯ ಹತ್ತಿರ ಬಂತೆಂದು ಆತುರಪಟ್ಟರೆ ಅದೇ ರಜ್ಜು ಮತ್ತೆ ಹರಿಯುವ ಸಂಭವ ಹೆಚ್ಚು.

ಹುಡುಗರೂ ಹೊರತಲ್ಲ

ಗಂಡುಮಕ್ಕಳ ಪಾಲಕರು ಈ ಪುಟವನ್ನು ಮಡಿಸಿಡಬೇಡಿ. ಹುಡುಗರಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ. ಹೀಗಾಗಿ ಶಕ್ತಿಯ ಕೊರತೆ ಇನ್ನೂ ತಡವಾಗಿ ಗೊತ್ತಾಗುತ್ತದೆ. ಸ್ಕೀ ಜಿಗಿತದವರು ಮೈ ಹಗುರ ಮಾಡಿಕೊಳ್ಳಲು ಹಸಿದಿರುವುದು ಹೆಚ್ಚಾದಾಗ, ತೀರ ತೆಳ್ಳಗಿದ್ದವರು ಗಿಡ್ಡ ಹಲಗೆ ಬಳಸಬೇಕೆಂಬ ನಿಯಮವನ್ನೇ 2004ರಲ್ಲಿ ತರಬೇಕಾಯಿತು. ಗಿಡ್ಡ ಹಲಗೆಯಲ್ಲಿ ಹಾರುವ ದೂರ ಕಡಿಮೆ. ಅಮೆರಿಕದ ಕಾಲೇಜು ಕುಸ್ತಿಯಲ್ಲಂತೂ 1997ರ ಕೊನೆಯ ವಾರಗಳಲ್ಲಿ ಮೂವರು ಯುವಕರು ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು. ನೀರು ಕುಡಿಯದೆ, ರಬ್ಬರಿನಂಥ ಉಡುಪು ಧರಿಸಿ ಬೆವರು ಹರಿಸಿ ತೂಕ ಇಳಿಸುವ ಪದ್ಧತಿಯೇ ಅದಕ್ಕೆ ಕಾರಣ. ಆ ಬಳಿಕ ಅಂಥ ವಿಧಾನಗಳನ್ನು ಅಲ್ಲಿ ನಿಷೇಧಿಸಿದರು. ನಮ್ಮ ಗರಡಿಮನೆಗಳ, ಬಾಕ್ಸಿಂಗ್ ಕೇಂದ್ರಗಳ ಹುಡುಗರೂ ಈ ಮಾತನ್ನು ನೆನಪಿಡಬೇಕು.

ಮನೆಯಲ್ಲಿ ಏನು ಮಾಡಬಹುದು?

ನಮ್ಮ ನಾಡಿಗೂ ಈ ಆಟಕ್ಕೂ ನಂಟೇ ಇಲ್ಲ ಎನ್ನಬೇಡಿ. ಹಿಮವೇ ಇಲ್ಲದ ಕೊಡಗಿನಿಂದ ಬಂದ ಭವಾನಿ ಟಿ.ಎನ್. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2024ರಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. ಹೆಣ್ಣುಮಕ್ಕಳ ಛಲಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ತಟ್ಟೆಯಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿದ್ದವರು ಓಡಿದರೆ ಬೇಗ ಏದುಸಿರು ಬರುತ್ತದೆ. ಆಗ 'ಸೋಮಾರಿ' ಎಂದು ಬೈಸಿಕೊಳ್ಳುವವಳೂ ಅವಳೇ.

ಎಲ್ಲರೂ ಉಂಡ ಮೇಲೆ ಹೆಂಗಸರು ಉಳಿದದ್ದನ್ನು ಉಣ್ಣುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ. ಅಣ್ಣನಿಗೆ ಮೊಟ್ಟೆ, ಹಾಲು. ತಂಗಿಗೆ ಕಾಫಿ. ಆಡುವ ಮಗಳಿಗೆ ಇದು ಸಲ್ಲದು. ದುಬಾರಿ ಪುಡಿ, ಡಬ್ಬಿಗಳ ಅಗತ್ಯವೂ ಇಲ್ಲ. ನಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ:

* ಬೆಳಗಿನ ಅಭ್ಯಾಸಕ್ಕೆ ಬರಿಹೊಟ್ಟೆಯಲ್ಲಿ ಕಳಿಸಬೇಡಿ. ಒಂದು ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ಲೋಟ ಹಾಲು ಇವುಗಳಲ್ಲಿ ಯಾವುದಾದರೂ ಹೊಟ್ಟೆ ಸೇರಲಿ.
* ಅಭ್ಯಾಸ ಮುಗಿದು ಒಂದು ತಾಸಿನೊಳಗೆ ಗಟ್ಟಿ ತಿಂಡಿ. ಇಡ್ಲಿ, ದೋಸೆ, ರೊಟ್ಟಿ ಯಾವುದಾದರೂ ಸರಿ. ಜೊತೆಗೆ ಮೊಟ್ಟೆ ಅಥವಾ ಮೊಳಕೆ ಕಾಳು ಇರಲಿ.
* ರಾಗಿಯನ್ನು ಮರೆಯಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ದಿನಕ್ಕೆ ಎರಡು ಲೋಟ ಹಾಲು ಅಥವಾ ಮೊಸರು ಸೇರಿದರೆ ಮೂಳೆಗೆ ಒಳ್ಳೆಯ ಆಸರೆ.
* ಸೊಪ್ಪಿನ ಸಾರು, ಹುರುಳಿ, ಅಲಸಂದೆ, ಮಾಂಸಾಹಾರಿಗಳಿಗೆ ಮೀನು, ಮಾಂಸ. ಸೊಪ್ಪು ಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಹೀರಿಕೆ ತಗ್ಗುತ್ತದೆ.
* ಸಂಜೆಗೆ ಕಡಲೆಕಾಯಿ ಚಿಕ್ಕಿ, ಹೆಸರುಕಾಳಿನ ಉಸಲಿ. ಬ್ಯಾಗಿನಲ್ಲಿ ಪುಟ್ಟ ಡಬ್ಬಿ ಇರಲಿ.
* ಕಠಿಣ ಅಭ್ಯಾಸದ ದಿನ ಉಪವಾಸ, ಒಪ್ಪೊತ್ತು ಬೇಡ. ವ್ರತವನ್ನು ವಿಶ್ರಾಂತಿಯ ದಿನಕ್ಕೆ ಇಟ್ಟುಕೊಳ್ಳಲಿ.
* ವಾರದಲ್ಲಿ ಒಂದು ದಿನವಾದರೂ ಪೂರ್ತಿ ವಿಶ್ರಾಂತಿ. ರಾತ್ರಿ ಎಂಟು ತಾಸು ನಿದ್ದೆ.

'ದಪ್ಪಗಾಗಿದ್ದೀಯ', 'ಹೊಟ್ಟೆ ಕರಗಿಸು' ಎಂಬ ಮಾತುಗಳನ್ನು ಮನೆಯಲ್ಲೂ ಮೈದಾನದಲ್ಲೂ ಬಿಡಿ. ಹದಿಹರೆಯದ ಕಿವಿಗೆ ಅವು ಚುಚ್ಚುಮದ್ದಿಗಿಂತ ಆಳಕ್ಕೆ ಇಳಿಯುತ್ತವೆ. ತಾಯಂದಿರು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕಿಕೊಳ್ಳಲು ಮಗಳಿಗೆ ಹೇಳಿಕೊಡಿ. ತಂದೆಯರೂ ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಎದ್ದು ಹೋಗಬೇಕಾಗಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

* 15 ವರ್ಷ ತುಂಬಿದರೂ ಮೈನೆರೆಯದಿದ್ದರೆ, ಅಥವಾ ಮೊದಲು ಸರಿಯಾಗಿ ಆಗುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ.
* ಕಾಲಿನ ಮೂಳೆಯಲ್ಲಿ ಒಂದೇ ಜಾಗದಲ್ಲಿ, ಒತ್ತಿದರೆ ಹೆಚ್ಚುವ ನೋವಿದ್ದರೆ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ನೋವಿದ್ದರೆ ಮತ್ತೆ ತೋರಿಸಿ.
* ಪದೇ ಪದೇ ನೆಗಡಿ, ಜ್ವರ, ತಲೆಸುತ್ತು, ಸದಾ ಚಳಿ, ಸುಸ್ತು ಇದ್ದರೆ. ಅಭ್ಯಾಸ ಹೆಚ್ಚಿದರೂ ವೇಗ ಇಳಿಯುತ್ತಿದ್ದರೆ.
* ಮನೆಯವರ ಜೊತೆ ಊಟಕ್ಕೆ ಕೂರದೆ ನೆಪ ಹೇಳುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು ಕಂಡರೆ. ಇದು ಹಟವಲ್ಲ, ಕಾಯಿಲೆ. ಗದರಿಸದೆ ಮನೋವೈದ್ಯರ ಸಲಹೆ ಪಡೆಯಿರಿ.

ಮುಟ್ಟು ನಿಂತದ್ದಕ್ಕೆ ಥೈರಾಯ್ಡ್ ತೊಂದರೆ, ಅಂಡಾಶಯದ ತೊಂದರೆ ಮುಂತಾದ ಬೇರೆ ಕಾರಣಗಳೂ ಇರುತ್ತವೆ. ಅವನ್ನು ಪರೀಕ್ಷೆಯಿಂದ ತಿಳಿಯಬೇಕು. ಶಕ್ತಿಯ ಕೊರತೆಯೇ ಕಾರಣವೆಂದಾದರೆ ಹಾರ್ಮೋನು ಮಾತ್ರೆ ನುಂಗಿ ಮುಟ್ಟು ಬರಿಸಿಕೊಂಡರೆ ಸಾಲದು. ರಕ್ತ ಕಂಡಿತೆಂದ ಮಾತ್ರಕ್ಕೆ ಮೂಳೆಗೆ ರಕ್ಷಣೆ ಸಿಕ್ಕಿತೆಂದಲ್ಲ. ಊಟ ಹೆಚ್ಚಿಸಿ, ಅಭ್ಯಾಸವನ್ನು ಕೆಲಕಾಲ ತಗ್ಗಿಸುವುದೇ ಮುಖ್ಯ ಚಿಕಿತ್ಸೆ. ಮುಟ್ಟು ಮರಳಲು ಕೆಲವು ತಿಂಗಳು ಬೇಕಾಗಬಹುದು. ತಾಳ್ಮೆ ಇರಲಿ. ಆಟ ಬಿಡಿಸುವುದು ಇದಕ್ಕೆ ಪರಿಹಾರವಲ್ಲ.

ಹಿಮದ ಮೇಲಿನ ಆ ಹನ್ನೆರಡು ಮಂದಿಯನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಹುಡುಗಿಯ ಅಂಕಕ್ಕೂ ಹುಡುಗನ ಅಂಕಕ್ಕೂ ಅಲ್ಲಿ ಒಂದೇ ಬೆಲೆ. ಮನೆಯೂ ಒಂದು ತಂಡವೇ. ನಾಳೆ ಬೆಳಿಗ್ಗೆ ನಿಮ್ಮ ಮಗಳು ಬೂಟು ಕಟ್ಟಿಕೊಂಡು ಮೈದಾನಕ್ಕೆ ಹೊರಡುವ ಮುಂಚೆ ಪದಕದ ಮಾತು ತೆಗೆಯಬೇಡಿ. 'ಏನು ತಿಂದೆಯಮ್ಮಾ?' ಎಂದು ಕೇಳಿ.